ಮಗಳು ತನ್ನನ್ನು ಮೀರಲೆಂದು ಹರಸಿದ ಮಾಸ್ಟರ್ ದೀನಾನಾಥರು

ಗೋಮಾಂತಕದ ಪುಣ್ಯಕ್ಷೇತ್ರಗಳಲ್ಲಿ ಫೋಂಡಾ ತಾಲೂಕಿನ ಶ್ರೀ ಮಂಗೇಶಿಗೆ ದೊಡ್ಡ ಸ್ಥಾನವಿದೆ. ಕರ್ನಾಟಕದಿಂದ ಬರುವ ಯಾತ್ರಿಕರು ಶ್ರೀ ಮಂಗೇಶ ಮತ್ತು ಶ್ರೀ ಶಾಂತಾದುರ್ಗೆಯ ದರ್ಶನ ಮಾಡದೆ ಊರಿಗೆ ಹಿಂದಿರುಗುವುದು ಕಡಿಮೆ. ಈ ದೇವರ ಮೂಲಸ್ಥಾನ ಕುಶಸ್ಥಳಿ, ಅಂದರೆ ಇಂದಿನ ಕೊರ್ತಾಳಿ. ಪೋರ್ತುಗೀಸರ ಆಳ್ವಿಕೆಯಲ್ಲಿ ದೇವಾಲಯಗಳಿಗೆ ಗಂಡಾಂತರ ಒದಗಿದಾಗ, 1560ರಲ್ಲಿ ಭಕ್ತರು ಲಿಂಗವನ್ನು ಜುವಾರಿ ನದಿ ದಾಟಿಸಿ ಪ್ರಿಯೋಳ ಗ್ರಾಮಕ್ಕೆ ತಂದು ಪ್ರತಿಷ್ಠಾಪಿಸಿದರು. ಆ ಸ್ಥಳವೇ ದೇವರ ಹೆಸರಿನಿಂದ ಮಂಗೇಶಿ ಎನಿಸಿಕೊಂಡಿತು. ಏಳು ಅಂತಸ್ತಿನ ದೀಪಸ್ತಂಭ ಅಲ್ಲಿಯ ಗುರುತು.

ಈ ದೇವರ ಹೆಸರನ್ನೇ ತನ್ನ ಮನೆತನದ ಹೆಸರಾಗಿ ಧರಿಸಿ, ರಂಗಭೂಮಿಯಲ್ಲಿ ಮೆರೆದು, ಕೇವಲ 41ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ ಮಹಾನ್ ಗಾಯಕ ಮಾಸ್ಟರ್ ದೀನಾನಾಥ ಮಂಗೇಶ್ಕರ್. ಇಂದು ಅವರನ್ನು ಪರಿಚಯಿಸಬೇಕಾದರೆ ಲತಾ ಮಂಗೇಶ್ಕರ್ ಅವರ ತಂದೆ ಎಂದು ಹೇಳಬೇಕಾಗುತ್ತದೆ. ಒಂದು ಕಾಲದಲ್ಲಿ ತನ್ನ ಹೆಸರಿನಿಂದಲೇ ಥಿಯೇಟರ್ ತುಂಬಿಸುತ್ತಿದ್ದ ಕಲಾವಿದನಿಗೆ ಇದು ಕುಂದೆಂದು ಕೆಲವರಿಗೆ ಅನಿಸಬಹುದು. ಆದರೆ ದೀನಾನಾಥರ ಜೀವನವನ್ನು ತಿಳಿದವರಿಗೆ ಹಾಗೆ ಅನಿಸುವುದಿಲ್ಲ. ಏಕೆಂದರೆ ಇದು ಅವರೇ ಬಯಸಿದ ಸೋಲು. ಮನುಷ್ಯ ಎಲ್ಲರ ಎದುರಿಗೂ ಗೆಲ್ಲಲು ಹಂಬಲಿಸುತ್ತಾನೆ, ಮಕ್ಕಳ ಎದುರಿಗೆ ಮಾತ್ರ ಸೋಲಲು ಇಷ್ಟಪಡುತ್ತಾನೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಮಾತಿಗೆ ದೀನಾನಾಥರ ಬಾಳೇ ಸಾಕ್ಷಿ.

ಜನನ ಮತ್ತು ಬಾಲ್ಯ

ದೀನಾನಾಥರು ಜನಿಸಿದ್ದು 1900ನೆಯ ಇಸವಿ ಡಿಸೆಂಬರ್ 29ರಂದು, ಮಂಗೇಶಿಯಲ್ಲಿ. ತಂದೆ ಗಣೇಶ ಭಟ್ಟರು ಶ್ರೀ ಮಂಗೇಶನಿಗೆ ಅಭಿಷೇಕ ಮಾಡುವ ಅರ್ಚಕರು. ತಾಯಿ ಯೇಸೂಬಾಯಿ ರಾಣೆ ದೇವಾಲಯದ ಕಲಾವಂತ ಮನೆತನದವರು, ಸ್ವತಃ ಹಾಡು ಬಲ್ಲವರು. ಆ ಕಾಲದ ಗೋವಾದಲ್ಲಿ ದೇವರ ಉತ್ಸವ ಪಾಲಕಿಗಳಲ್ಲಿ ಹಾಡಿ ಕುಣಿದು ಸೇವೆ ಸಲ್ಲಿಸುತ್ತಿದ್ದವರು ಇಂಥ ಮನೆತನಗಳವರೇ. ದೇವರ ಮುಂದೆ ಅವರ ಹಾಡಿಗೆ ಮಾನವಿತ್ತು, ಊರಿನ ಲೆಕ್ಕದಲ್ಲಿ ಅವರ ಮಕ್ಕಳಿಗೆ ಅಷ್ಟು ಮಾನ ಇರಲಿಲ್ಲ. ಈ ಕಹಿಯನ್ನು ಬಾಲಕ ದೀನಾನಾಥ ಉಂಡೇ ಬೆಳೆದಿರಬೇಕು. ಮುಂದೆ ಹೆಸರಿನ ಪ್ರಶ್ನೆ ಬಂದಾಗ ಅವರು ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ. ಎಲ್ಲರಿಗೂ ತಂದೆಯಾದ ಮಂಗೇಶನ ಹೆಸರನ್ನೇ ತೆಗೆದುಕೊಂಡು ಮಂಗೇಶ್ಕರ್ ಆದರು.

ಐದನೆಯ ವಯಸ್ಸಿನಲ್ಲಿಯೇ ಬಾಬಾ ಮಾಶೇಲ್ಕರ್ ಅವರಲ್ಲಿ ಸಂಗೀತಪಾಠ ಆರಂಭವಾಯಿತು. ಮುಂದೆ ಗ್ವಾಲಿಯರ್ ಪರಂಪರೆಯ ಪ್ರಸಿದ್ಧ ಗಾಯಕ ರಾಮಕೃಷ್ಣಬುವಾ ವಝೆ ಅವರಿಂದ ಗಂಡಾ ಕಟ್ಟಿಸಿಕೊಂಡು ಶಿಷ್ಯರಾದರು. ಬಿಕಾನೇರದ ಪಂಡಿತ ಸುಖದೇವ ಪ್ರಸಾದರಲ್ಲಿಯೂ ಅಭ್ಯಾಸ ಮಾಡಿದರು. ಎಲ್ಲಿ ಒಳ್ಳೆಯ ಚೀಜು ಸಿಕ್ಕರೂ ಕಲಿತು, ವಹಿಯಲ್ಲಿ ಬರೆದಿಟ್ಟುಕೊಳ್ಳುವುದು ಅವರ ಅಭ್ಯಾಸವಾಗಿತ್ತು.

ರಂಗಭೂಮಿಯ ಮೆರವಣಿಗೆ

ಮರಾಠಿ ಸಂಗೀತ ನಾಟಕಕ್ಕೂ ಕನ್ನಡ ನಾಡಿಗೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. ಉತ್ತರ ಕನ್ನಡದ ಮೇಳದವರ ಆಟದಿಂದ ಸ್ಫೂರ್ತಿ ಪಡೆದು ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಅವರು 1843ರಲ್ಲಿ ಮೊದಲ ಮರಾಠಿ ನಾಟಕ ಆಡಿಸಿದರು. ಸಂಗೀತ ನಾಟಕಕ್ಕೆ ಭದ್ರ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅವರ ಹೆಸರಿನ ಕಿರ್ಲೋಸ್ಕರ್ ನಾಟಕ ಮಂಡಳಿಗೆ ದೀನಾನಾಥರು ಹದಿನಾಲ್ಕರ ಆಸುಪಾಸಿನಲ್ಲಿ ಸೇರಿದರು. ಆಗ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ರೂಪ, ಕಂಠ ಎರಡೂ ಇದ್ದ ಹುಡುಗನಿಗೆ ಸ್ತ್ರೀಪಾತ್ರಗಳು ಹುಡುಕಿಕೊಂಡು ಬಂದವು.

1918ರಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲೇ, ಚಿಂತಾಮಣರಾವ್ ಕೊಲ್ಹಟ್ಕರ್ ಮತ್ತು ಕೃಷ್ಣರಾವ್ ಕೊಲ್ಹಾಪುರೆ ಅವರೊಂದಿಗೆ ಸೇರಿ ದೀನಾನಾಥರು ಬಲವಂತ ಸಂಗೀತ ಮಂಡಳಿಯನ್ನು ಸ್ಥಾಪಿಸಿದರು. ರಾಮ ಗಣೇಶ ಗಡಕರಿ ಅವರ ಭಾವಬಂಧನ ನಾಟಕದಲ್ಲಿ ಅವರ ಲತಿಕಾ, ರಣದುಂದುಭಿ ನಾಟಕದಲ್ಲಿ ಅವರ ತೇಜಸ್ವಿನಿ, ಮಾನಾಪಮಾನದಲ್ಲಿ ಅವರ ಧೈರ್ಯಧರ ಬಹಳ ಹೆಸರು ಪಡೆದವು. ಸಾವರ್ಕರ್ ಅವರ ಸಂನ್ಯಸ್ತ ಖಡ್ಗ ನಾಟಕವನ್ನು 1931ರಲ್ಲಿ ರಂಗಕ್ಕೆ ತಂದದ್ದೂ ಇದೇ ಮಂಡಳಿ. ಆಂಗ್ಲರ ಆಡಳಿತದಲ್ಲಿ ಅಂಥ ನಾಟಕ ಆಡಿಸುವುದಕ್ಕೆ ಧೈರ್ಯ ಬೇಕಾಗಿತ್ತು.

ಅದು ಬಾಲಗಂಧರ್ವರ ಕಾಲ. ಅವರ ಮಾಧುರ್ಯಕ್ಕೆ ಮರುಳಾಗದವರಿರಲಿಲ್ಲ. ಆ ಸೂರ್ಯನ ಬೆಳಕಿನಲ್ಲಿ ಇನ್ನೊಬ್ಬ ಗಾಯಕನಟ ತನ್ನದೇ ದಾರಿ ಮಾಡಿಕೊಳ್ಳುವುದೆಂದರೆ ಸಾಮಾನ್ಯ ಸಂಗತಿಯಲ್ಲ. ದೀನಾನಾಥರು ಯಾರನ್ನೂ ಅನುಕರಿಸಲಿಲ್ಲ. ಚುರುಕಾದ ತಾನುಗಳು, ಕೆಚ್ಚಿನ ಕಂಠ, ಅನಿರೀಕ್ಷಿತವಾಗಿ ಸ್ವರ ಹಿಡಿಯುವ ರೀತಿ, ಇವುಗಳಿಂದ ಜನರನ್ನು ಗೆದ್ದರು. ಒಂದೊಂದು ಹಾಡಿಗೂ ವನ್ಸ್ ಮೋರ್ ಕೂಗು ಏಳುತ್ತಿತ್ತು. ಮಂಗೇಶಿಯ ದೇವಳದ ಅಂಗಳದಿಂದ ಹೊರಟ ಹುಡುಗ ಮೂವತ್ತು ತುಂಬುವ ಮೊದಲೇ ಕಂಪನಿಯ ಮಾಲೀಕನಾಗಿ, ಸಾಂಗಲಿಯಲ್ಲಿ ದೊಡ್ಡ ಸಂಸಾರ ಹೂಡಿದ್ದನು.

ಮನೆಯಲ್ಲಿಯೇ ಇದ್ದ ಗಾಯಕಿ

ದೀನಾನಾಥರ ಪತ್ನಿ ಶೇವಂತಿಯವರು, ಮನೆಯವರಿಗೆಲ್ಲ ಮಾಯಿ. 1929ರ ಸೆಪ್ಟೆಂಬರ್ 28ರಂದು ಇಂದೂರಿನಲ್ಲಿ ಹಿರಿಯ ಮಗಳು ಹುಟ್ಟಿದಳು. ಮೊದಲು ಇಟ್ಟ ಹೆಸರು ಹೇಮಾ. ಆಮೇಲೆ ಕರೆಯುವ ಹೆಸರು ಲತಾ ಎಂದಾಯಿತು. ಅದು ಭಾವಬಂಧನದ ಲತಿಕಾ ಪಾತ್ರದಿಂದ ಬಂದದ್ದು. ತಾನು ರಂಗದ ಮೇಲೆ ಧರಿಸಿ ಕೀರ್ತಿ ಪಡೆದ ಹೆಸರನ್ನು ತಂದೆ ಮಗಳಿಗೆ ಕೊಟ್ಟರು. ಲತಾಳ ನಂತರ ಮೀನಾ, ಆಶಾ, ಉಷಾ ಮತ್ತು 1937ರಲ್ಲಿ ಮಗ ಹೃದಯನಾಥ ಹುಟ್ಟಿದರು.

ಮನೆಯ ತುಂಬ ಸಂಗೀತವೇ. ಬೆಳಿಗ್ಗೆ ತಂಬೂರಿ, ಹಗಲು ತಾಲೀಮು, ರಾತ್ರಿ ನಾಟಕ. ಶಿಷ್ಯರು ಮನೆಯಲ್ಲಿಯೇ ಉಂಡು ಕಲಿಯುತ್ತಿದ್ದರು. ಆದರೆ ಈ ಪುಟ್ಟ ಹುಡುಗಿ ತಂದೆಯ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವಳ ಹಾಡೆಲ್ಲ ಅಡಿಗೆಮನೆಯಲ್ಲಿ, ತಾಯಿಯ ಹತ್ತಿರ. ಕೆಲಸದ ನಡುವೆ ಕಾಟ ಕೊಡಬೇಡವೆಂದು ತಾಯಿ ಗದರಿ ಕಳಿಸುತ್ತಿದ್ದರು. ಹಾಗಾಗಿ ಮಗಳಿಗೆ ಕಂಠವಿದೆ ಎಂಬ ಸಂಗತಿ ಊರಿಗೆಲ್ಲ ಪಾಠ ಹೇಳುವ ತಂದೆಗೇ ತಿಳಿದಿರಲಿಲ್ಲ.

ಅದು ತಿಳಿದ ಪ್ರಸಂಗವನ್ನು ಲತಾ ಅವರು ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. ಅವಳಿಗೆ ಆಗ ಐದಾರು ವರ್ಷ. ದೀನಾನಾಥರು ಒಬ್ಬ ಶಿಷ್ಯನಿಗೆ ಪೂರಿಯಾ ಧನಾಶ್ರೀ ರಾಗದ ಚೀಜು ಹೇಳಿಕೊಟ್ಟು, ಅಭ್ಯಾಸ ಮಾಡುತ್ತಿರು ಎಂದು ಹೇಳಿ ಹೊರಗೆ ಹೋಗಿದ್ದರು. ಹೊರಗೆ ಆಡುತ್ತಿದ್ದ ಹುಡುಗಿಯ ಕಿವಿಗೆ ಅವನ ಹಾಡು ತಪ್ಪೆಂದು ಕೇಳಿಸಿತು. ಆಟ ಬಿಟ್ಟು ಒಳಗೆ ಬಂದಳು. ಹಾಗಲ್ಲ, ಹೀಗೆ ಎಂದು ತನಗಿಂತ ಎಷ್ಟೋ ದೊಡ್ಡವನಿಗೆ ಹಾಡಿ ತೋರಿಸಿದಳು. ಅಷ್ಟರಲ್ಲಿ ತಂದೆ ಹಿಂದಿರುಗಿದ್ದರು. ಅವರನ್ನು ಕಂಡ ಕೂಡಲೇ ಹುಡುಗಿ ಓಡಿಹೋದಳು.

ದೀನಾನಾಥರು ಅವಳನ್ನು ಗದರಿಸಲಿಲ್ಲ. ನೇರ ಮಾಯಿಯ ಹತ್ತಿರ ಹೋದರು. ಮನೆಯಲ್ಲಿಯೇ ಗಾಯಕಿ ಇರುವಾಗ ತಾನು ಹೊರಗಿನವರಿಗೆ ಪಾಠ ಹೇಳುತ್ತ ಕುಳಿತಿರುವೆನಲ್ಲ ಎಂದು ಆಶ್ಚರ್ಯಪಟ್ಟರು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಮಗಳನ್ನು ಎಬ್ಬಿಸಿ, ತಂಬೂರಿ ಹಿಡಿದು ಮುಂದೆ ಕೂರಿಸಿಕೊಂಡರು. ಪೂರಿಯಾ ಧನಾಶ್ರೀ ಸಂಜೆಯ ರಾಗ. ಆದರೂ ಆ ಬೆಳಗಿನ ಪಾಠ ಅದೇ ರಾಗದಿಂದ ಆರಂಭವಾಯಿತು. ಹಿಂದಿನ ದಿನ ಮಗಳ ಬಾಯಲ್ಲಿ ಕೇಳಿದ್ದು ಅದೇ ಆಗಿತ್ತಲ್ಲ.

ಗುರುವನ್ನು ಮೀರಬೇಕೆಂಬ ಪಾಠ

ಅಂದು ಮಗಳಿಗೆ ಕೊಟ್ಟ ಉಪದೇಶ ಬಹಳ ದೊಡ್ಡದು. ಹೇಳಿಕೊಡುವವನು ತಂದೆಯೇ ಇರಲಿ, ಗುರುವೇ ಇರಲಿ, ಹಾಡುವಾಗ ಅವನಿಗಿಂತ ಚೆನ್ನಾಗಿ ಹಾಡುತ್ತೇನೆಂಬ ಸಂಕಲ್ಪವಿರಬೇಕು, ಇಂಥವರ ಎದುರಿಗೆ ನಾನು ಹೇಗೆ ಹಾಡಲಿ ಎಂಬ ಅಂಜಿಕೆ ಕೂಡದು, ಶಿಷ್ಯನಾದವನು ಗುರುವನ್ನು ಮೀರಲೇಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಈ ಮಾತನ್ನು ಲತಾ ಅವರು ಇಳಿವಯಸ್ಸಿನಲ್ಲಿಯೂ ನೆನೆಯುತ್ತಿದ್ದರು.

ನಮ್ಮಲ್ಲಿ ವಿದ್ಯೆ ಬಚ್ಚಿಡುವ ಗುರುಗಳ ಕಥೆಗಳು ಬೇಕಾದಷ್ಟಿವೆ. ಸಂಗೀತದಲ್ಲಂತೂ ಘರಾಣೆಯ ಒಳ್ಳೆಯ ಚೀಜುಗಳನ್ನು ಮಗನಿಗೂ ಪೂರ್ತಿ ಹೇಳಿಕೊಡದೆ ಹೋದವರಿದ್ದರು. ಅಂಥ ಕಾಲದಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿದ್ದ, ಸ್ವತಃ ಹಾಡುಗಾರಿಕೆಯ ಉಚ್ಛ್ರಾಯದಲ್ಲಿದ್ದ ಕಲಾವಿದ ತನ್ನನ್ನು ಮೀರು ಎಂದು ಆರು ವರ್ಷದ ಹೆಣ್ಣುಮಗುವಿಗೆ ಹೇಳಿದ್ದು ವಿಶೇಷ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹತ್ತು ಜನರ ಮುಂದೆ ಹಾಡಬಾರದೆಂಬ ಭಾವನೆ ಗಟ್ಟಿಯಾಗಿದ್ದ ದಿನಗಳು ಅವು. ತಾಯಿ ಯೇಸೂಬಾಯಿಯ ಹಾಡು ಕೇಳಿ ಬೆಳೆದ ದೀನಾನಾಥರಿಗೆ ಹೆಣ್ಣಿನ ಕಂಠದ ಬೆಲೆ ತಿಳಿದಿತ್ತು.

ಮಂಡಳಿಯ ನಾಟಕವೊಂದರ ಪ್ರಸಂಗವೂ ಪ್ರಸಿದ್ಧವಾಗಿದೆ. ಅಂದು ಕಿರ್ಲೋಸ್ಕರರ ಸೌಭದ್ರ ನಾಟಕ. ದೀನಾನಾಥರದು ಅರ್ಜುನನ ಪಾತ್ರ. ನಾರದನ ಪಾತ್ರಧಾರಿ ಬರಲಿಲ್ಲ. ಚಿಂತೆಯಲ್ಲಿದ್ದ ತಂದೆಗೆ ಮಗಳು ಆ ಪಾತ್ರ ತಾನು ಮಾಡುವೆನೆಂದಳು, ಹಾಡೆಲ್ಲ ತನಗೆ ಬಾಯಿಪಾಠವಿದೆ, ವನ್ಸ್ ಮೋರ್ ತೆಗೆದುಕೊಂಡೇ ಬರುವೆನೆಂದಳು. ಇಷ್ಟು ದೊಡ್ಡ ಅರ್ಜುನನ ಮುಂದೆ ಇಷ್ಟು ಚಿಕ್ಕ ನಾರದನೆ ಎಂದು ತಂದೆ ಹಿಂದೆಮುಂದೆ ನೋಡಿದರೂ ಕೊನೆಗೆ ಒಪ್ಪಿದರು. ಪುಟ್ಟ ನಾರದ ರಂಗಕ್ಕೆ ಬಂದು ಹಾಡಿದನು. ಹೇಳಿದಂತೆಯೇ ಜನ ವನ್ಸ್ ಮೋರ್ ಕೂಗಿದರು.

1938ರಲ್ಲಿ ಶಿವಯೋಗಿ ಸಿದ್ಧರಾಮರ ಊರಾದ ಸೊಲ್ಲಾಪುರದಲ್ಲಿ ದೀನಾನಾಥರ ಗಾಯನ ಏರ್ಪಾಡಾಯಿತು. ಲತಾಳಿಗೆ ಆಗ ಒಂಬತ್ತು ತುಂಬುವ ಸಮಯ. ತಾನೂ ಹಾಡುವೆನೆಂದು ಹಠ ಹಿಡಿದಳು. ಯಾವ ರಾಗ ಹಾಡುವೆ ಎಂದು ತಂದೆ ಕೇಳಿದರು. ಖಂಬಾವತಿ ಎಂದಳು. ಅಷ್ಟು ಸುಲಭದ ರಾಗವಲ್ಲ ಅದು. ದೀನಾನಾಥರಿಗೆ ಹಿಗ್ಗೋ ಹಿಗ್ಗು. ತಂದೆ ಮಗಳು ಇಬ್ಬರೂ ಹಾಡುವರೆಂದು ಪ್ರಚಾರವಾಯಿತು. ಕಾರ್ಯಕ್ರಮದ ದಿನ ಮೊದಲು ಹುಡುಗಿ ಖಂಬಾವತಿ ಮತ್ತು ನಾಟ್ಯಗೀತೆಗಳನ್ನು ಹಾಡಿ ಸಭೆಯ ಮೆಚ್ಚುಗೆ ಪಡೆದಳು. ಅನಂತರ ತಂದೆಯ ಗಾಯನ ನಡುರಾತ್ರಿಯತ್ತ ಸಾಗಿತು. ಆಗ ಮಗಳು ವೇದಿಕೆಯ ಮೇಲೆಯೇ ತಂದೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ರೆ ಹೋದಳು. ಅವರು ಅವಳನ್ನು ಎಬ್ಬಿಸದೆ ಹಾಡು ಮುಂದುವರಿಸಿದರು.

ಕಷ್ಟದ ದಿನಗಳು

ಭಾಗ್ಯ ಒಂದೇ ಕಡೆ ನಿಲ್ಲುವುದಿಲ್ಲ. 1930ರ ದಶಕದಲ್ಲಿ ಮಾತನಾಡುವ ಚಿತ್ರಗಳು ಬಂದವು. ನಾಟಕ ಕಂಪನಿಗಳ ಗಲ್ಲಾಪೆಟ್ಟಿಗೆ ಬರಿದಾಗತೊಡಗಿತು. ಕಂಪನಿ ಎಂದರೆ ನಟರು, ಸಾಥಿಗಳು, ಪರದೆಯವರು, ಅಡಿಗೆಯವರು ಸೇರಿ ದಿನವೂ ಉಣ್ಣುವ ದೊಡ್ಡ ಕುಟುಂಬ. ಆಟವಿರಲಿ ಬಿಡಲಿ, ಖರ್ಚು ನಿಲ್ಲುವುದಿಲ್ಲ. ದೀನಾನಾಥರೂ ಕಾಲಕ್ಕೆ ತಕ್ಕಂತೆ ಚಿತ್ರ ತಯಾರಿಕೆಗೆ ಕೈಹಾಕಿದರು. 1934ರಲ್ಲಿ ಕೃಷ್ಣಾರ್ಜುನ ಯುದ್ಧ ಚಿತ್ರ ಬಂದಿತು. ಲಾಭ ಬರಲಿಲ್ಲ, ಸಾಲ ಬೆಳೆಯಿತು. ಮಂಡಳಿ ಮುಚ್ಚಬೇಕಾಯಿತು. ಸಾವಿರಾರು ರೂಪಾಯಿ ಕೈಯಲ್ಲಿ ಓಡಾಡಿದ್ದ ಮನೆಯಲ್ಲಿ ದಿನದ ಖರ್ಚಿನ ಚಿಂತೆ ಹತ್ತಿತು. ನಷ್ಟದ ದುಃಖದಲ್ಲಿ ಮದ್ಯದ ಸಹವಾಸವೂ ಸೇರಿ ಅವರ ಆರೋಗ್ಯ ಕೆಟ್ಟಿತು. ದೊಡ್ಡವರ ಜೀವನದಲ್ಲಿಯೂ ಇಂಥ ಕತ್ತಲು ಇರುತ್ತದೆ. ಅದನ್ನು ಮುಚ್ಚಿಡುವುದರಿಂದ ಅವರ ದೊಡ್ಡಸ್ತಿಕೆ ಹೆಚ್ಚುವುದಿಲ್ಲ, ಹೇಳುವುದರಿಂದ ಕಡಿಮೆಯೂ ಆಗುವುದಿಲ್ಲ. ಸಂಸಾರ ಸಾಂಗಲಿ ಬಿಟ್ಟು ಪುಣೆಗೆ ಬಂದಿತು.

ಈ ದಿನಗಳಲ್ಲಿಯೂ ಮಗಳ ಪಾಠ ನಿಲ್ಲಲಿಲ್ಲ. ದೀನಾನಾಥರಿಗೆ ಸಿನಿಮಾ ಹಾಡುಗಳು ಹಿಡಿಸುತ್ತಿರಲಿಲ್ಲ. ಸೈಗಲ್ ಅವರ ಹಾಡುಗಳಿಗೆ ಮಾತ್ರ ಮನೆಯಲ್ಲಿ ಅಪ್ಪಣೆಯಿತ್ತು. 1942ರಲ್ಲಿ ಕಿತೀ ಹಸಾಲ್ ಎಂಬ ಮರಾಠಿ ಚಿತ್ರಕ್ಕಾಗಿ ಲತಾ ಮೊದಲ ಬಾರಿಗೆ ಹಾಡಿದಳು. ಆ ಹಾಡು ಚಿತ್ರದಲ್ಲಿ ಉಳಿಯಲಿಲ್ಲ.

ದೀನಾನಾಥರು ಜ್ಯೋತಿಷ್ಯವನ್ನೂ ಚೆನ್ನಾಗಿ ಬಲ್ಲವರು. ಮಗಳು ಯಾರೂ ಊಹಿಸದಷ್ಟು ಎತ್ತರಕ್ಕೆ ಏರುವಳು, ಆದರೆ ಅದನ್ನು ನೋಡಲು ತಾನು ಇರುವುದಿಲ್ಲ, ಮನೆಯವರ ಭಾರವೆಲ್ಲ ಅವಳ ಮೇಲೆ ಬೀಳುವುದು ಎಂದು ಅವರು ಮೊದಲೇ ಹೇಳಿದ್ದರೆಂದು ಲತಾ ಅವರು ತಿಳಿಸಿದ್ದಾರೆ. ಜ್ಯೋತಿಷ್ಯವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಆ ಕುಂಡಲಿಯನ್ನು ಮುಂದಿಟ್ಟುಕೊಂಡು ಕುಳಿತ ತಂದೆಯ ಹೃದಯವನ್ನು ಮಾತ್ರ ಮಕ್ಕಳಿದ್ದವರೆಲ್ಲರೂ ಬಲ್ಲರು. ಹೆಮ್ಮೆ, ಸಂಕಟ ಎರಡೂ ಅದರಲ್ಲಿ ಒಟ್ಟಿಗೆ ಇದ್ದವು. ತಾನು ಕಾಣದ ಫಲಕ್ಕಾಗಿ ಅವರು ಪ್ರತಿದಿನ ಬೆಳಿಗ್ಗೆ ನೀರೆರೆದರು.

ಕೊನೆಯ ದಿನಗಳಲ್ಲಿ ಮಗಳನ್ನು ಹತ್ತಿರ ಕರೆದು, ತನ್ನ ತಂಬೂರಿ, ಚೀಜುಗಳನ್ನು ಬರೆದಿಟ್ಟ ವಹಿ ಮತ್ತು ಶ್ರೀ ಮಂಗೇಶನ ಕೃಪೆ, ಇಷ್ಟೇ ತಾನು ಕೊಡಬಲ್ಲದ್ದು ಎಂದರೆಂದು ಆ ಮನೆಯವರು ನೆನೆಯುತ್ತಾರೆ. 1942ರ ಏಪ್ರಿಲ್ 24ರಂದು ಪುಣೆಯಲ್ಲಿ ದೀನಾನಾಥರು ದೇಹ ಬಿಟ್ಟರು. ಲತಾಳಿಗೆ ಆಗ ಹದಿಮೂರು ತುಂಬಿರಲಿಲ್ಲ. ಆಶಾಳಿಗೆ ಎಂಟು, ಹೃದಯನಾಥನಿಗೆ ನಾಲ್ಕು. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಅವರು ಬಿಟ್ಟುಹೋದದ್ದು ಶೂನ್ಯ. ಆದರೆ ಅಸಲು ಬಂಡವಾಳ ಆ ಐದು ಮಕ್ಕಳ ಕಂಠದಲ್ಲಿ ಭದ್ರವಾಗಿತ್ತು.

ಮಾತು ನಿಜವಾಯಿತು

ಮನೆಯ ಭಾರ ಹಿರಿಯ ಮಗಳ ಮೇಲೆ ಬಿತ್ತು. ತಂದೆಯ ಸ್ನೇಹಿತರಾದ ಮಾಸ್ಟರ್ ವಿನಾಯಕ ಕರ್ನಾಟಕಿ ಅವರು ಚಿತ್ರದಲ್ಲಿ ಕೆಲಸ ಕೊಟ್ಟು ಕೈಹಿಡಿದರು. ಅದೇ 1942ರಲ್ಲಿ ಪಹಿಲೀ ಮಂಗಳಾಗೌರ ಚಿತ್ರದಲ್ಲಿ ಲತಾ ಪಾತ್ರ ಮಾಡಿದರು. ಅಭಿನಯ ಅವರಿಗೆ ಇಷ್ಟವಿರಲಿಲ್ಲ. ಆದರೂ ತಮ್ಮ ತಂಗಿಯರ ಅನ್ನಕ್ಕಾಗಿ ಬಣ್ಣ ಹಚ್ಚಿದರು. 1945ರಲ್ಲಿ ಮುಂಬಯಿಗೆ ಬಂದರು. ಧ್ವನಿ ತೀರ ತೆಳುವಾಯಿತೆಂದು ತಿರಸ್ಕರಿಸಿದವರೂ ಇದ್ದರು. 1948ರಲ್ಲಿ ಗುಲಾಮ್ ಹೈದರ್ ಅವರು ಮಜ್ಬೂರ್ ಚಿತ್ರದಲ್ಲಿ ಅವಕಾಶ ಕೊಟ್ಟರು. 1949ರ ಮಹಲ್ ಚಿತ್ರದ ನಂತರ ಆ ಕಂಠ ಮನೆಮನೆಯ ರೇಡಿಯೋದಲ್ಲಿ ಕೇಳತೊಡಗಿತು.

ಅಲ್ಲಿಂದ ಮುಂದಿನದು ಎಲ್ಲರಿಗೂ ತಿಳಿದ ಸಂಗತಿ. 1967ರಲ್ಲಿ ಲಕ್ಷ್ಮಣ ಬರ್ಲೇಕರ್ ಅವರ ಸಂಗೀತದಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಚಿತ್ರಕ್ಕೆ ಹಾಡಿ ಕನ್ನಡಿಗರ ಮನೆಯವರೂ ಆದರು. 1974ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಹಾಡಿದರು. 1989ರಲ್ಲಿ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ, 2001ರಲ್ಲಿ ಭಾರತರತ್ನ ಬಂದವು. 2022ರ ಫೆಬ್ರವರಿ 6ರಂದು, 92ನೆಯ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ತೀರಿಕೊಂಡಾಗ ಇಡೀ ದೇಶವೇ ಶೋಕಿಸಿತು. ಆಶಾ, ಉಷಾ, ಮೀನಾ, ಹೃದಯನಾಥ, ಎಲ್ಲರೂ ಸಂಗೀತದಲ್ಲಿಯೇ ಹೆಸರು ಮಾಡಿದರು.

ತಂದೆಯನ್ನು ಮೀರಿದ ಮಗಳು ತಂದೆಯನ್ನು ಮರೆಯಲಿಲ್ಲ. ದೀನಾನಾಥರು ಕೊನೆಯುಸಿರೆಳೆದ ಪುಣೆಯಲ್ಲಿ ಅವರ ಹೆಸರಿನ ದೊಡ್ಡ ಆಸ್ಪತ್ರೆ ನಿಂತಿದೆ. ಅವರ ಪುಣ್ಯತಿಥಿಯಂದು ಅವರ ಹೆಸರಿನ ಪ್ರಶಸ್ತಿಗಳನ್ನು ಕೊಡುವ ಪದ್ಧತಿಯನ್ನು ಮಕ್ಕಳು ಬೆಳೆಸಿದರು. ಪಣಜಿಯ ಕಲಾ ಅಕಾಡೆಮಿಯ ಸಭಾಗೃಹಕ್ಕೂ ದೀನಾನಾಥ ಮಂಗೇಶ್ಕರ್ ಕಲಾಮಂದಿರವೆಂದೇ ಹೆಸರು. ಜಗತ್ತೆಲ್ಲ ಸುತ್ತಿದರೂ ಲತಾ ಅವರು ಮಂಗೇಶ್ಕರ್ ಆಗಿಯೇ ಉಳಿದರು. ಅಂದು ಮನೆತನದ ಹೆಸರಿಲ್ಲದ ಹುಡುಗನೊಬ್ಬ ಭಕ್ತಿಯಿಂದ ತೆಗೆದುಕೊಂಡ ದೇವರ ಹೆಸರನ್ನು ಮಗಳು ಲೋಕದ ಮೂಲೆ ಮೂಲೆಗೆ ಮುಟ್ಟಿಸಿದಳು.

ಇಂದು ಮಕ್ಕಳಿಗೆ ಭಜನೆ, ಯಕ್ಷಗಾನ, ತಬಲಾ, ಭರತನಾಟ್ಯ ಕಲಿಸುವ ತಂದೆತಾಯಿಗಳು ಅನೇಕರಿದ್ದಾರೆ. ಅವರೆಲ್ಲರಿಗೂ ದೀನಾನಾಥರ ಜೀವನದಲ್ಲಿ ಒಂದು ಪಾಠವಿದೆ. ಮಗುವಿನ ಗುಣ ಅಡಿಗೆಮನೆಯ ಮೂಲೆಯಲ್ಲಿ ಅಡಗಿರಬಹುದು, ಅದನ್ನು ಕೇಳುವ ಕಿವಿ ಬೇಕು. ಕೇಳಿದ ಮೇಲೆ ಮರುದಿನ ಬೆಳಿಗ್ಗೆಯೇ ಎಬ್ಬಿಸಿ ಕೂರಿಸುವ ಶ್ರದ್ಧೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇದು ನನ್ನನ್ನು ಮೀರಿ ಬೆಳೆಯಲಿ ಎಂದು ಬಾಯಿಬಿಟ್ಟು ಹರಸುವ ದೊಡ್ಡ ಮನಸ್ಸು ಬೇಕು. ಫಲ ಕಾಣುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ದೀನಾನಾಥರಿಗೂ ಇರಲಿಲ್ಲ. ಆದರೆ ಸೊಲ್ಲಾಪುರದ ಆ ರಾತ್ರಿ, ತೊಡೆಯ ಮೇಲೆ ಮಲಗಿದ ಮಗಳ ಭಾರ ಹೊತ್ತು ಹಾಡುತ್ತಿದ್ದ ತಂದೆಗೆ ಅಷ್ಟೇ ಸಾಕಾಗಿತ್ತೇನೋ.

ಅಂಥ ಮನಸ್ಸನ್ನು ಎಲ್ಲ ತಂದೆತಾಯಿಗಳಿಗೂ, ಅಂಥ ಸಾಧನೆಯನ್ನು ಎಲ್ಲ ಮಕ್ಕಳಿಗೂ ಶ್ರೀ ಮಂಗೇಶನು ಕರುಣಿಸಲಿ.